ಸಾಹೇಬರು ಬಂದಾಗ

ರದ್ದಿ ಕಾಗದದ ರಾಶಿಯ ಮುಂದೆ ಚಪ್ಪಲಿ ಬಿಟ್ಟು ನಿಂತ ಮನುಷ್ಯನನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ನನ್ನ ಅಂಗಳಕ್ಕೆ ಬರುವವರೆಲ್ಲ ಕಾಗದ ತುಳಿಯುತ್ತಲೇ ಬರುತ್ತಿದ್ದರು. ನಾನೂ ಅದರ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದೆ. ಸವಣೂರಿನ ಕಿರಾಣಿ ಅಂಗಡಿಗಳಿಗೆ ಕಾಗದದ ಚೀಲ ಅಂಟಿಸಿ ಕೊಡುವುದು ನನ್ನ ಕಸುಬು. ಗಂಡ ಸತ್ತ ಮೇಲೆ ನನ್ನ ಹೊಟ್ಟೆ ಹೊರೆದದ್ದು ಮೈದಾ ಹಿಟ್ಟಿನ ಅಂಟು.

ಎಮರ್ಜೆನ್ಸಿಯ ಕಾಲ ಅದು. ಮನೆಯಲ್ಲಿ ಅಚ್ಚಾದ ಕಾಗದ ಇದ್ದರೆ ಏನು ಗಂಡಾಂತರವೋ ಎಂದು ಹೆದರಿ ಜನ ಅಜ್ಜನ ಕಾಲದ್ದನ್ನೆಲ್ಲ ಹೊರಗೆ ಹಾಕುತ್ತಿದ್ದರು. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು, ಎಲ್ಲ ಕಡೆಯಿಂದ ಗಂಟುಗಂಟಾಗಿ ರದ್ದಿ ಬರುತ್ತಿತ್ತು. ನನಗೆ ಅದು ಒಳ್ಳೆಯ ಕಾಲ.

ಬಂದವನು ಖಾಕಿ ಹಾಕಿದ್ದ, ಹೆಗಲಿಗೆ ಚರ್ಮದ ಚೀಲ. ಬಸ್ಸಿನ ಕಂಡಕ್ಟರ್.

"ಚಪ್ಪಲಿ ಯಾಕ ಬಿಟ್ಟಿ? ಇದೇನು ಗುಡಿ ಅಲ್ಲ" ಎಂದೆ.

"ಇದರಾಗ ಸಾಹೇಬ್ರು ಅದಾರೇನು?"

"ಯಾವ ಸಾಹೇಬ್ರು? ಸವಣೂರಾಗ ಸಾಹೇಬ್ರಿಗೇನು ಬರಗಾಲ ಬಂದೈತಿ? ಓಣಿ ತುಂಬ ಅವರ ಅದಾರ."

ಆತ ನಗಲಿಲ್ಲ. ನನ್ನ ಗೋಡೆಯ ಮೇಲಿನ ಪಟ ತೋರಿಸಿದ. ನನ್ನ ಗಂಡ ಅಂಟಿಸಿದ್ದು. ಕೋಟು, ಕನ್ನಡಕ, ಕೈಯಲ್ಲಿ ಪುಸ್ತಕ. ನಮ್ಮ ಕೇರಿಯ ಪ್ರತಿ ಮನೆಯಲ್ಲೂ ಆ ಪಟ ಇದೆ. ದೇಶದ ಕಾನೂನು ಬರೆದವರು ಎಂದು ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ನಮ್ಮ ಮಂದಿ ಅವರನ್ನು ಸಾಹೇಬರು ಎನ್ನುತ್ತಾರೆ. ಈತನಂತೂ ಹೆಸರು ಎತ್ತುತ್ತಲೇ ಇರಲಿಲ್ಲ. ಗಂಡನ ಹೆಸರು ಹೇಳಲು ನಾಚುವ ಹೆಂಗಸಿನ ಹಾಗೆ ಮಾಡುತ್ತಾನೆ ಎಂದು ಓಣಿಯ ಹೆಣ್ಣುಮಕ್ಕಳು ಆಮೇಲೆ ಬಹಳ ಆಡಿಕೊಂಡರು.

ಆತ ಬಗ್ಗಿ, ಮೊಣಕೈವರೆಗೆ ರಾಶಿಯೊಳಗೆ ಕೈ ಇಳಿಸಿ, ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು ತಡಕಾಡಿದ. ಕೈ ಹೊರಗೆ ಬಂದಾಗ ಅದರಲ್ಲಿ ಒಂದು ಹಳದಿ ಕರಪತ್ರ ಇತ್ತು. ಅದರ ಮೇಲೆ ಸಾಹೇಬರ ಮುಖ ಇತ್ತು. ಮೈ ಜುಂ ಎಂದಿತು, ಸುಳ್ಳು ಯಾಕೆ ಹೇಳಲಿ. ಆ ಕಾಲದ ಒರಟು ಕಾಗದ ಆತನ ಬೆರಳಿಗೆ ಗೊತ್ತಾಗುತ್ತದೆ ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಹಳೆಯ ಒರಟು ಕಾಗದ ರಾಶಿಯಲ್ಲಿ ಬೇಕಾದಷ್ಟಿತ್ತು. ಕಿರಾಣಿ ಪಟ್ಟಿ, ನಾಟಕದ ಜಾಹೀರಾತು, ಮದುವೆಯ ಕಾರ್ಡು. ಅವು ಯಾವುವೂ ಆತನ ಕೈಗೆ ಬರಲಿಲ್ಲ.

ನನ್ನ ಹಿಂದಿನ ಕೋಣೆ ಖಾಲಿ ಇತ್ತು, ಬಾಡಿಗೆಗೆ ಹಿಡಿದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಆತನ ಹೆಸರು ನಾನು ಬರೆಯುವುದಿಲ್ಲ. ಇಡೀ ಸೀಮೆ ಕಂಡಕ್ಟರ್ ಎಂದೇ ಕರೆಯುತ್ತಿತ್ತು, ಅಷ್ಟು ಸಾಕು.

ಎಲುಬು ಚರ್ಮ ಬಿಟ್ಟರೆ ಮೈಮೇಲೆ ಏನೂ ಇರದ ಆಳು. ಕೂರುತ್ತಿರಲಿಲ್ಲ. ಬಸ್ಸಿನಲ್ಲಿ ನಿಂತು ನಿಂತು ಕಾಲಿಗೆ ಅದೇ ರೂಢಿಯಾಗಿತ್ತು. ನನ್ನ ಅಡುಗೆಮನೆಯ ಬಾಗಿಲಲ್ಲಿ ಕಾಲು ಅಗಲಿಸಿ, ಚೌಕಟ್ಟಿಗೆ ಸೊಂಟ ಆನಿಸಿ, ನೆಲ ಅಲ್ಲಾಡುತ್ತಿದೆ ಎಂಬಂತೆ ನಿಂತೇ ಚಹಾ ಕುಡಿಯುತ್ತಿದ್ದ. "ಕುಂದರೋ ಮಾರಾಯಾ, ಮನಿ ಎಲ್ಲಿಗೂ ಹೊಂಟಿಲ್ಲ" ಎಂದರೆ, "ಹೊಂಟೈತಿ ಯಕ್ಕಾ, ನಿನಗ ಗೊತ್ತಾಗವಲ್ದು" ಎನ್ನುತ್ತಿದ್ದ. ನಮ್ಮ ಓಣಿಯ ಒಂದು ಮದುವೆಯಲ್ಲಿ ಅಕ್ಷತೆ ಹಾಕಲು ಜನ ಬಾಗಿಲಲ್ಲೇ ನಿಂತಿದ್ದಾಗ, "ಒಳಗ ಸರೀರಿ, ಒಳಗ ಜಾಗಾ ಐತಿ, ಬಾಗಲಾ ಬಿಡ್ರಿ" ಎಂದು ಕೂಗಿ, ಮದುಮಗನನ್ನೂ ಸೇರಿಸಿ ಎಲ್ಲರನ್ನೂ ನಗಿಸಿದ್ದ. ತಾನು ನಕ್ಕದ್ದು ನಾನು ನೋಡಿಲ್ಲ.

ಆತನ ಬಸ್ಸು ಒಂದು ದಿನ ಹಾನಗಲ್ಲಿನಿಂದ ತಿಳವಳ್ಳಿ ಕಡೆ, ಒಂದು ದಿನ ಶಿಗ್ಗಾಂವಿ ದಾಟಿ ದುಂಡಸಿಗೆ, ಮತ್ತೊಂದು ದಿನ ಹಿರೇಕೆರೂರು, ಹಂಸಭಾವಿ. ಎಲ್ಲಿ ಹೋದರೂ ಮುದುಕರು ಬಸ್ಸು ಹತ್ತಿದರೆ ಮೊದಲು ಟಿಕೀಟು ಕೊಡುತ್ತಿದ್ದ, ಆಮೇಲೆ ಬಗ್ಗಿ ಕಿವಿಯ ಹತ್ತಿರ ಕೇಳುತ್ತಿದ್ದ. "ಸಾಹೇಬ್ರು ಬಂದಾಗ ನೀವು ಎಲ್ಲಿದ್ರಿ?"

ಬಹಳ ಜನ "ಯಾವ ಸಾಹೇಬ್ರೋ ತಮ್ಮಾ, ಎಲ್ಲಿಗೆ ಬಂದಿದ್ರು?" ಎನ್ನುತ್ತಿದ್ದರು. ಆತ ಊರಿನ ಹೆಸರು ಹೇಳುತ್ತಿದ್ದ. ಹಂಸಭಾವಿ ದಾಟಿ ಒಳಗೆ ಹೋಗುವ ಒಂದು ಹಳ್ಳಿ. ಅದರ ಹೆಸರನ್ನೂ ನಾನು ಬರೆಯುವುದಿಲ್ಲ, ಅಲ್ಲಿಯವರು ಜಗಳಕ್ಕೆ ಬರುತ್ತಾರೆ. ಮುದುಕರು ತಲೆ ಅಲ್ಲಾಡಿಸುತ್ತಿದ್ದರು. ಆತ ಸೀಟಿ ಊದಿ ಮುಂದೆ ಹೋಗುತ್ತಿದ್ದ.

ಯಾಕೆ ಕೇಳುತ್ತಾನೆ ಎಂದು ನನಗೆ ತಿಳಿದದ್ದು ಒಂದು ಸೀಗಿ ಹುಣ್ಣಿಮೆಯ ಮರುದಿನ. ಹೊಲಕ್ಕೆ ಅನ್ನ ಚೆಲ್ಲಿ ಬರುವ ಹಬ್ಬ ಅದು. ಉಳಿದ ಹೋಳಿಗೆ, ಪುಂಡಿಪಲ್ಯ ಬಡಿಸಿಕೊಟ್ಟೆ. ಆತ ಮುಟ್ಟಲಿಲ್ಲ.

"ಇವತ್ತಿನ ದಿನಾ ನಾ ಉಣ್ಣಾಂಗಿಲ್ಲ ಯಕ್ಕಾ" ಎಂದು ಹೇಳಿ, ನಿಂತುಕೊಂಡೇ ಎಲ್ಲ ಹೇಳಿದ.

ಆತ ಮೊಲೆ ಕುಡಿಯುವ ಕೂಸಾಗಿದ್ದಾಗ, ಇಂಥದೇ ದಿನ, ಸಾಹೇಬರು ಆ ಹಳ್ಳಿಗೆ ಬಂದರಂತೆ. ಮೆರವಣಿಗೆ ಇಲ್ಲ, ಮಂದಿ ಇಲ್ಲ. ಮೋಟಾರು ಕೆಟ್ಟಿತ್ತಂತೆ. ಬಾವಿಯ ಹತ್ತಿರ ಗಿಡದ ನೆರಳಿಗೆ ಕುಳಿತು ನೀರು ಕೇಳಿದರಂತೆ. ಮನೆಯಲ್ಲಿ ಇದ್ದದ್ದು ಒಡಕು ಮಣ್ಣಿನ ಗಡಿಗೆ. ಇಂಥವರಿಗೆ ಅದರಲ್ಲಿ ಹೇಗೆ ಕೊಡುವುದು ಎಂದು ಅಪ್ಪ ಗೌಡರ ಅಂಗಳದ ಹಿತ್ತಾಳೆ ಕೊಡ ಎತ್ತಿಕೊಂಡು, ನಮ್ಮವರು ಇಳಿಯಬಾರದ ಬಾವಿಗೆ ಇಳಿದು, ನೀರು ತಂದುಕೊಟ್ಟನಂತೆ. ಊರು ಬೆನ್ನಟ್ಟಿತು. ಅಪ್ಪ ರಾತ್ರಿಯೇ ಹೆಂಡತಿ ಕೂಸನ್ನು ಕಟ್ಟಿಕೊಂಡು ಹಾನಗಲ್ಲಿಗೆ ಓಡಿ ಬಂದ. ಇದು ಆತನ ಅವ್ವ ಸಾಯುವ ತನಕ ಹೇಳಿದ ಮಾತು. ಊರಿನವರು ಹೇಳುವುದು ಬೇರೆ. ಸಾಹೇಬರೂ ಇಲ್ಲ, ಯಾರೂ ಇಲ್ಲ, ಅವನು ಕೊಡ ಕದ್ದು ಓಡಿದ ಕಳ್ಳ.

"ಸಾಹೇಬ್ರು ಬಂದಿದ್ರ ನಮ್ಮಪ್ಪ ನೀರು ಕೊಟ್ಟಾವ. ಬಂದಿಲ್ಲಂದ್ರ ಕಳ್ಳ" ಎಂದ. "ನಡುವ ಬ್ಯಾರೆ ಏನಿಲ್ಲ."

ಇನ್ನೊಂದು ಮಾತನ್ನೂ ಹೇಳಿದ. ನೀರು ಕುಡಿಯುವ ಮುಂಚೆ ಸಾಹೇಬರು ಅಪ್ಪನ ತಲೆಯ ರುಮಾಲಿನ ತುದಿ ಹಿಡಿದು ಅದರಿಂದ ತಮ್ಮ ಕನ್ನಡಕ ಒರೆಸಿಕೊಂಡರಂತೆ. "ಇದನ್ನ ನಾ ಯಾರ ಮುಂದೂ ಹೇಳಿಲ್ಲ. ಹೇಳಿದ್ರ ಕತಿ ಕಟ್ಟತಾನ ಅಂತಾರ. ನೀನೂ ಹೇಳಬ್ಯಾಡ."

ನಾನು ಯಾರಿಗೂ ಹೇಳಲಿಲ್ಲ. ನನಗೆ ಅಂಥ ಚಟ ಇಲ್ಲ.

ಆತನ ಕೋಣೆಗೆ ನಾನು ಹೋಗುತ್ತಿದ್ದದ್ದು ಕಡಿಮೆ. ಬಸ್ಸಿನವರು ಕೊಟ್ಟ ತಗಡಿನ ಪೆಟ್ಟಿಗೆಗಳಲ್ಲಿ ಕಾಗದ ತುಂಬಿಟ್ಟಿದ್ದ, ಹುಳ ಬೀಳದಂತೆ ತಂಬಾಕಿನ ಎಲೆ ಹಾಕಿದ್ದ. ಭಾಷಣದ ಪುಸ್ತಿಕೆ, ಭಜನೆಯ ಹಾಡು, ಸಭೆಗೆ ಕರೆಯುವ ಕರಪತ್ರ, ಕೊಲ್ಲಾಪುರ, ಸಾಂಗಲಿಯ ಮರಾಠಿ ಕಾಗದ. ಒಂದು ಮಧ್ಯಾಹ್ನ ಗಾಳಿ ಎಳ್ಳಷ್ಟೂ ಇರಲಿಲ್ಲ. ಮುಚ್ಚಿದ ಪೆಟ್ಟಿಗೆಯೊಳಗಿಂದ ಸರಸರ ಸದ್ದು ಬಂತು. ಇಲಿ ಎಂದುಕೊಂಡು ಕಸಬರಿಗೆ ತಗೊಂಡು ಹೋಗಿ ಮುಚ್ಚಳ ತೆಗೆದೆ. ಇಲಿ ಇರಲಿಲ್ಲ. ಮೇಲಿನ ಕಾಗದದ ಮುಖ ನನ್ನನ್ನು ನೋಡುತ್ತಿತ್ತು. ಹಾಗೇ ಮುಚ್ಚಿ ಬಂದೆ. ಸಂಜೆ ಹೇಳಿದರೆ ಆತ, "ದಿನಾ ಆಗತೈತಿ" ಎಂದ, ಅಷ್ಟೇ.

ಒಂದು ದಿನ ಕಾಗದಗಳನ್ನು ಬಿಸಿಲಿಗೆ ಹರಡಿದ್ದ. ಒಂದೊಂದು ಛಾಪಖಾನೆಯ ಅಚ್ಚಿನಲ್ಲಿ ಒಂದೊಂದು ಮುಖ. ಒಂದರಲ್ಲಿ ಮೂಗು ಇಲ್ಲ, ಒಂದರಲ್ಲಿ ಕಣ್ಣಿನ ಜಾಗದಲ್ಲಿ ಮಸಿ. ಆತ ಒಂದನ್ನು ಎತ್ತಿ ಹಿಡಿದ.

"ಇದು ಸಾಹೇಬ್ರಲ್ಲ ಯಕ್ಕಾ."

"ಕೆಳಗ ಅವರ ಹೆಸರ ಐತಲ್ಲ."

"ಹೆಸರು ಐತಿ. ಆ ಛಾಪಖಾನಿಯಾಗ ಅವರ ಮುಖದ ಅಚ್ಚಿನ ಬ್ಲಾಕ್ ಇರಲಿಲ್ಲ. ಕೋಟು ಕನ್ನಡಕ ಇದ್ದ ಯಾರದೋ ಬ್ಲಾಕ್ ಇತ್ತು, ಅದನ್ನ ಒತ್ತಿಬಿಟ್ಟಾರ. ಊರ ಮಂದಿ ಇದಕ್ಕ ಕೈ ಮುಗದಾರ."

"ಯಾರದದು ಹಂಗಾರ?"

"ಯಾರಿಗೂ ಗೊತ್ತಿಲ್ಲ." ಆತ ಅದನ್ನು ಎಸೆಯಲಿಲ್ಲ. ಉಳಿದವುಗಳ ಜೊತೆಗೇ ಇಟ್ಟ.

ಕಾಗದ ಕೂಡಿಡುವವರು ಹೊಸದು ಸಿಕ್ಕರೆ ಹಿಗ್ಗುತ್ತಾರೆ. ಈತ ಹೆದರುತ್ತಿದ್ದ. ಪ್ರತಿ ಕಾಗದದಲ್ಲೂ ಸಾಹೇಬರು ಇಂಥ ದಿನ ಇಂಥ ಊರಲ್ಲಿ ಮಾತಾಡಿದರು ಎಂದು ಇರುತ್ತಿತ್ತು. ಹಳೆಯ ಪಂಚಾಂಗ ಹಿಡಿದು ತಾನು ಕೂಸಾಗಿದ್ದ ವರ್ಷದ ಸೀಗಿ ಹುಣ್ಣಿಮೆಯ ಮರುದಿನ ಯಾವ ತಾರೀಖು ಎಂದು ತೆಗೆದಿದ್ದ. ಆ ತಾರೀಖಿನ ಹಿಂದಿನ ದಿನಗಳು, ಮುಂದಿನ ದಿನಗಳು, ಒಂದೊಂದಾಗಿ ಬೇರೆ ಬೇರೆ ಊರಿನ ಪಾಲಾಗುತ್ತಿದ್ದವು. ಎಲ್ಲ ಕಡೆಯಿಂದ ಬೇಲಿ ಹತ್ತಿರ ಬರುತ್ತಿತ್ತು. ನಡುವೆ ಆ ಒಂದು ದಿನ ಮಾತ್ರ ಖಾಲಿ.

"ಕೂಡಿಸೂದ ಬಿಟ್ಟುಬಿಡು" ಎಂದೆ. "ಆ ದಿನದ ಕಾಗದಾ ಸಿಗಲಿಲ್ಲಂದ್ರ ನಿಮ್ಮಪ್ಪ ಪಾರಾದ."

"ಬಿಟ್ಟರ ಸಾಹೇಬ್ರು ಕಿರಾಣಿ ಅಂಗಡ್ಯಾಗ ಬೆಲ್ಲಾ ಕಟ್ಟಾಕ ಹೊಕ್ಕಾರ" ಎಂದ. ನನ್ನ ಕಸುಬಿಗೇ ಚುಚ್ಚಿದ್ದು.

ನನ್ನ ತಂಗಿಯನ್ನು ಹಂಸಭಾವಿಗೆ ಕೊಟ್ಟಿತ್ತು. ಅವಳ ಮಗಳ ಬಾಣಂತನಕ್ಕೆ ಹೋದಾಗ ಕಂಡಕ್ಟರ್ ಜೊತೆ ಆ ಹಳ್ಳಿಗೂ ಹೋಗಿ ಬಂದೆ. ಬಾವಿ ಇತ್ತು. ಸುತ್ತ ಬೋಳು ನೆಲ. ಬಾವಿಕಟ್ಟೆಯ ಮೇಲೆ ಗೌಡರ ಮನೆಯ ಮುದುಕಿಯೊಬ್ಬಳು ಕುಳಿತಿದ್ದಳು. ಆಗಲೇ ಹಲ್ಲು ಉದುರಿದ್ದವು, ಆದರೆ ಕಣ್ಣು ಚುರುಕು. ಆತ ತನ್ನ ಪ್ರಶ್ನೆ ಕೇಳಿದ.

"ಯಾವ ಸಾಹೇಬನೂ ಬಂದಿಲ್ಲ" ಎಂದಳು ಆ ಅಜ್ಜಿ. "ನೀ ಅವನ ಮಗಾ ಅಲ್ಲೇನು? ಮೂಗು ಹಂಗ ಐತಿ. ನಿಮ್ಮಪ್ಪ ನಮ್ಮ ಕೊಡಾ ಕದ್ದು ಓಡಿದಾವ. ಹೋಗು, ಬಾವಿಗೆ ನಿನ್ನ ನೆಳ್ಳು ಬೀಳತೈತಿ."

ಆತ ತಿರುಗಿದ. ನಾನು ಅಜ್ಜಿಗೆ ನಾಲ್ಕು ಮಾತು ಬೈದೆ. ಬೈದದ್ದಕ್ಕೆ ಈಗಲೂ ನನಗೆ ಬೇಜಾರಿಲ್ಲ.

ಅದಾದ ಮೇಲೆ ವರ್ಷಗಳು ಹೋದವು. ಆತ ಬಸ್ಸಿನಲ್ಲಿ ಕೇಳುತ್ತಲೇ ಇದ್ದ. ಮುದುಕರ ಉತ್ತರ ಬದಲಾಗಲು ಯಾವಾಗ ಶುರುವಾಯಿತು ಎಂದು ಗೊತ್ತಿಲ್ಲ. ಒಂದು ಸಂಜೆ ಬಾಗಿಲಲ್ಲಿ ನಿಂತು ಚಹಾ ಕುಡಿಯದೆ ಲೋಟವನ್ನೇ ನೋಡುತ್ತಿದ್ದ.

"ದುಂಡಸಿ ಮುದುಕ ಒಬ್ಬಾವ ಹೇಳಿದ, ಅವರ ಕಾಕಾ ನೋಡಿದ್ನಂತ, ಸಾಹೇಬ್ರು ಬಂದದ್ದು."

"ಒಳ್ಳೇದಾತಲ್ಲ!"

"ದುಂಡಸಿಗೆ ಬಂದಿದ್ರಂತ."

ಆಮೇಲೆ ತಿಳವಳ್ಳಿಯಲ್ಲೂ ಒಬ್ಬ ಸಿಕ್ಕ. ಹಾನಗಲ್ಲಿನ ಸಂತೆಯಲ್ಲಿ ಬಳೆ ಮಾರುವವಳೊಬ್ಬಳು ನನಗೇ ಹೇಳಿದಳು, ಅವಳ ಅತ್ತೆ ಸಾಹೇಬರಿಗೆ ನೀರು ಕೊಟ್ಟಿದ್ದಳಂತೆ. ಎಲ್ಲರಿಗೂ ಅದು ಸೀಗಿ ಹುಣ್ಣಿಮೆಯ ಮರುದಿನವೇ. ಎಲ್ಲ ಕಡೆಯೂ ಬಾವಿ, ಗಿಡ, ನೀರು. ಎಲ್ಲೆಲ್ಲಿ ಆ ಬಸ್ಸು ನಿಲ್ಲುತ್ತಿತ್ತೋ ಅಲ್ಲೆಲ್ಲ ಸಾಹೇಬರು ಒಂದೇ ದಿನ ಇಳಿದಿದ್ದರು.

ನಾನು ಹೇಳಿಯೇಬಿಟ್ಟೆ. "ತಪ್ಪು ನಿಂದ ಐತಿ ತಮ್ಮಾ. 'ಬಂದಾಗ ಎಲ್ಲಿದ್ರಿ' ಅಂತ ಯಾಕ ಕೇಳ್ತಿ? ಬಂದಿದ್ರು ಅಂತ ನೀನ ಹೇಳಿಬಿಟ್ಟಿ, ಅವರಿಗೆ ಉಳದದ್ದು ತಾವು ಎಲ್ಲಿದ್ವಿ ಅನ್ನೂದು ಅಷ್ಟ. ಮನಶ್ಯಾ ಅಂದ ಮ್ಯಾಲೆ ಎಲ್ಲ್ಯರ ಇದ್ದ ಇರತಾನ. 'ಬಂದಿದ್ರೇನು' ಅಂತ ಕೇಳು."

ಆತ ಬಾಯಿ ತೆರೆದ. "ಸಾಹೇಬ್ರು... ಬಂ..." ಎಂದು ನಿಲ್ಲಿಸಿದ. ಮತ್ತೆ ಶುರು ಮಾಡಿದ. ಮತ್ತೆ 'ಬಂದಾಗ' ಎಂದೇ ಬಂತು.

"ಬರವಲ್ದು ಯಕ್ಕಾ. 'ಬಂದಿದ್ರೇನು' ಅಂತ ಕೇಳಿದ್ರ ಅವ್ವ ಸುಳ್ಳಿ ಅಂತ ನಾನ ಒಪ್ಪಿದಂಗ ಆಕ್ಕೈತಿ."

ಅದು ಹೋಗಲಿ. ಜನ ಕತೆ ಕಟ್ಟುತ್ತಾರೆ, ನನಗೆ ಅದರಲ್ಲಿ ಆಶ್ಚರ್ಯ ಇಲ್ಲ. ಆದರೆ ತಿಳವಳ್ಳಿಯ ಮುದುಕ ಇನ್ನೊಂದು ಮಾತು ಹೇಳಿದ್ದನಂತೆ. ಸಾಹೇಬರು ನೀರು ಕುಡಿಯುವ ಮುಂಚೆ ಯಾರದೋ ರುಮಾಲಿನ ತುದಿಯಿಂದ ಕನ್ನಡಕ ಒರೆಸಿಕೊಂಡರು ಎಂದು.

ಕಂಡಕ್ಟರ್ ನನ್ನ ಮುಖ ನೋಡಿದ. ನಾನು ಆತನ ಮುಖ ನೋಡಿದೆ.

"ನೀ ಹೇಳಿದಿ?" ಎಂದ.

"ನಮ್ಮಪ್ಪನ ಆಣಿ, ಇಲ್ಲ. ನೀ ಹೇಳಿದಿ?"

"ಇಲ್ಲ."

ಮೇಲಿನ ಓಣಿಯ ಮಸೀದಿಯಿಂದ ಸಂಜೆಯ ಬಾಂಗು ಕೇಳಿಸಿತು. ನಾನು ಎದ್ದು ದೀಪ ಹಾಕಿದೆ, ಇನ್ನೂ ಬೆಳಕು ಇದ್ದರೂ.

ಆತ ರಿಟೈರಾದ ವರ್ಷ, ಎಂಬತ್ತರ ದಶಕದ ನಡುವೆ, ಶಿಗ್ಗಾಂವಿಯ ಯಾರದೋ ಮನೆ ಕೆಡವಿದಾಗ ಸಿಕ್ಕ ಒಂದು ಗಂಟು ನನ್ನಲ್ಲಿಗೆ ಬಂತು. ಆತ ಚಪ್ಪಲಿ ಬಿಟ್ಟು ಬಂದು ಕೈ ಇಳಿಸಿದ. ಕೈ ಅಲ್ಲೇ ನಿಂತಿತು. ಹೊರಗೆ ತೆಗೆಯಲು ಮನಸ್ಸಿಲ್ಲದವನ ಹಾಗೆ ಬಹಳ ಹೊತ್ತು ಬಗ್ಗಿಯೇ ಇದ್ದ. ಆಮೇಲೆ ಒಂದು ತೆಳು ಮರಾಠಿ ಪುಸ್ತಿಕೆ ಎಳೆದ, ಮೊದಲ ಪುಟ ಓದಿದ, ನೆಲದ ಮೇಲೆ ಕುಳಿತ. ಆತ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಘಟ್ಟದ ಆಚೆಯ ಯಾವುದೋ ಊರಿನಲ್ಲಿ ಸಾಹೇಬರು ಮಾಡಿದ ಭಾಷಣ. ಆ ವರ್ಷ. ಆ ತಾರೀಖು.

ನಾನು ಕೈ ಚಾಚಿದೆ. "ಕೊಡಿಲ್ಲೆ. ಚೀಲಾ ಮಾಡಿಬಿಡ್ತೇನಿ. ನಾಳೆ ಯಾರ ಮನ್ಯಾಗೋ ಕಡ್ಲಿಬ್ಯಾಳಿ ತುಂಬತೈತಿ. ನನಗೂ ನಿನಗೂ ಬಿಟ್ಟರ ಯಾರಿಗೂ ಗೊತ್ತಾಗೂದಿಲ್ಲ."

ನಾನು ಮನಸಾರೆ ಹೇಳಿದ್ದೆ. ಆತ ಪುಸ್ತಿಕೆಯನ್ನು ನನ್ನ ಕೈಯವರೆಗೆ ತಂದ. ಅದರ ಇನ್ನೊಂದು ತುದಿ ಬಿಡಲಿಲ್ಲ. ಇಬ್ಬರೂ ಹಿಡಿದುಕೊಂಡೇ ಇದ್ದೆವು.

"ಸಾಹೇಬ್ರು ಆಡಿದ ಮಾತು ಯಕ್ಕಾ" ಎಂದ ಕೊನೆಗೆ. "ನಮ್ಮಪ್ಪನ ಸಲವಾಗಿ ಇದನ್ನ ಹರದ್ರ, ನಾ ಕಳ್ಳನ ಮಗಾ ಅಲ್ಲ, ನಾನ ಕಳ್ಳ."

ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟ. ಅಂದಿನಿಂದ ಯಾರಿಗೂ ಏನೂ ಕೇಳಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ಕಾಲು ಅಗಲಿಸಿ ನಿಂತು ಬರುತ್ತಿದ್ದ.

ಆಗ ಬಂದ ನೋಡಿ, ಆ ಹಳ್ಳಿಯ ಗೌಡರ ಮೊಮ್ಮಗ. ಗರಿಗರಿ ಅಂಗಿ, ಕೈಗಡಿಯಾರ. ಸಾಹೇಬರ ಜಯಂತಿಗೆ ಊರಿನಲ್ಲಿ ಕಲ್ಲು ನೆಡುತ್ತಾರಂತೆ, ಸಾಹೇಬರು ಕುಳಿತ ಜಾಗದಲ್ಲಿ. ಕಂಡಕ್ಟರ್ ತನ್ನ ಕಾಗದಗಳನ್ನು ತಂದು ಎಲ್ಲರಿಗೂ ತೋರಿಸಬೇಕಂತೆ. ಸಾಹೇಬರು ಬಂದ ಊರು ಎಂದಾದರೆ ಡಾಂಬರು ರಸ್ತೆ ಬರುತ್ತದೆ ಎಂಬ ಆಸೆ, ಅದನ್ನು ಮುಚ್ಚಿಡಲೂ ಇಲ್ಲ.

"ನಿಮ್ಮೂರಾಗ ಯಾರೂ ಬಂದಿಲ್ಲ ಅಂತಿದ್ರಿ?" ಎಂದು ನಾನು ಕೇಳಿದೆ.

"ಯಾರಂದಾರ ಆಯೀ? ಸಣ್ಣ ಕೂಸಿಗೂ ಗೊತ್ತೈತಿ."

ಹೋದೆವು. ಕಂಡಕ್ಟರ್ ಬಗಲಲ್ಲಿ ಒಂದು ಪೆಟ್ಟಿಗೆ, ಅಂಗಿಯ ಕಿಸೆಯಲ್ಲಿ ಆ ಮರಾಠಿ ಪುಸ್ತಿಕೆ. ಓದಿಬಿಡುತ್ತೇನೆ ಎಂದು ಬಸ್ಸಿನಲ್ಲೇ ಹೇಳಿದ್ದ. ಓದಿದರೆ ಊರಿನ ಮುಂದೆ ತನ್ನ ಅಪ್ಪನನ್ನು ತಾನೇ ಕಳ್ಳ ಮಾಡಿದಂತೆ. ನಾನು ಬೇಡ ಎನ್ನಲಿಲ್ಲ. ನನ್ನ ಮಾತು ಕೇಳುವವನಲ್ಲ.

ಬಾವಿಯ ಹತ್ತಿರ ಪೆಂಡಾಲು, ಮೈಕು. ಊರಿನ ಮುದುಕರು ಒಬ್ಬೊಬ್ಬರಾಗಿ ಎದ್ದು ತಾವು ಕಂಡದ್ದು ಹೇಳಿದರು. ಮೋಟಾರಿನ ಬಣ್ಣ ಹೇಳಿದರು. ಸಾಹೇಬರು ಕೆಮ್ಮಿದ್ದು ಹೇಳಿದರು. ಒಬ್ಬ ಅತ್ತ. ಅವನ ಕಣ್ಣೀರು ಸುಳ್ಳಲ್ಲ, ನಾನು ಹತ್ತಿರದಿಂದ ನೋಡಿದೆ. ಕೊನೆಗೆ ಗೌಡರ ಮೊಮ್ಮಗ ಒಂದು ಹಿತ್ತಾಳೆ ಕೊಡಕ್ಕೆ ಮಾಲೆ ಹಾಕಿ, ತಲೆಯ ಮೇಲೆ ಹೊತ್ತು ತಂದು ಮೇಜಿನ ಮೇಲಿಟ್ಟ.

"ಸಾಹೇಬ್ರು ನೀರು ಕುಡದ ಕೊಡಾ ಇದ" ಎಂದು ಮೈಕಿನಲ್ಲಿ ಹೇಳಿದ. ಮಂದಿ ಚಪ್ಪಾಳೆ ತಟ್ಟಿತು.

ಕಂಡಕ್ಟರನ ಸರದಿ ಬಂತು. ಮೈಕಿನ ಮುಂದೆ ಕಾಲು ಅಗಲಿಸಿ ನಿಂತ. ಕೈ ಕಿಸೆಗೆ ಹೋಯಿತು. ಆಮೇಲೆ ಕೊಡದ ಕಡೆ ತಿರುಗಿದ.

"ಈ ಕೊಡಾ ನಿಮ್ಮ ಮನ್ಯಾಗ ಎಂದಿಂದ ಐತ್ರಿ?"

"ನಮ್ಮ ಮುತ್ತ್ಯಾನ ಕಾಲದಿಂದ" ಎಂದ ಮೊಮ್ಮಗ, ಎದೆ ಉಬ್ಬಿಸಿ. "ಅವತ್ತೊಂದು ದಿನಾ ಬಿಟ್ಟರ ಅಂಗಳಾ ದಾಟಿಲ್ಲ."

"ಇಂಥಾ ಕೊಡಾ ಮತ್ತೊಂದು ಇತ್ತೇನು?"

"ಎಲ್ಲೀದ್ರಿ? ಇಡೀ ಊರಿಗೆ ಇದೊಂದ."

"ಹಂಗಾರ" ಎಂದ ಕಂಡಕ್ಟರ್, ಟಿಕೀಟು ಕೇಳುವಷ್ಟೇ ಮೆಲ್ಲಗೆ, "ನಮ್ಮಪ್ಪ ಕದ್ದು ಓಡಿದ್ದು ಯಾವ ಕೊಡಾ?"

ಮೈಕು ಕುಂಯ್ ಎಂದಿತು. ಮೊಮ್ಮಗ ಮುದುಕರನ್ನು ನೋಡಿದ, ಮುದುಕರು ನೆಲ ನೋಡಿದರು. ಬಾವಿಕಟ್ಟೆಯ ಮೇಲಿಂದ ಮಾತು ಬಂತು. ಅದೇ ಅಜ್ಜಿ. ಕಣ್ಣುಗಳು ಪೊರೆ ಬಂದು ಬೆಳ್ಳಗಾಗಿದ್ದವು.

"ಯಾವದೂ ಇಲ್ಲ ತಮ್ಮಾ. ನಿಮ್ಮಪ್ಪ ಏನೂ ಕದ್ದಿಲ್ಲ. ಕೊಡಾ ಕಟ್ಟಿ ಮ್ಯಾಲೆ ಇಟ್ಟು ಓಡಿದ. ನಾನ ಮನಿಗೆ ಒಯ್ದು ಹುಣಸಿಹಣ್ಣು ಹಚ್ಚಿ ತಿಕ್ಕಿ ಇಟ್ಟೆ. ಬಾವಿಗೆ ಇಳದಾ ಅಂತ ಓಡಿಸಿದ್ದು. ಊರ ಬಾವಿ ಕೆಟ್ಟಿತು ಅಂತ ಹೇಳಾಕ ನಾಚಿಕಿ ಬಂದು ಕಳ್ಳ ಅಂದ್ವಿ."

"ಯಾರಿಗೆ ನೀರು ಒಯ್ದಿದ್ದ?"

"ಗಿಡದ ಕೆಳಗ ಒಬ್ಬಾವ ಕುಂತಿದ್ದ. ಯಾರಂತ ನಾ ಕೇಳಲಿಲ್ಲ. ನಿಮ್ಮಪ್ಪನ ರುಮಾಲಾ ಅವನ ಕೈಯಾಗ ಇತ್ತು."

ಕಂಡಕ್ಟರ್ ಮೈಕಿನ ಕಡೆ ತಿರುಗಿದ. ಆಮೇಲೆ ಕಿಸೆಯಿಂದ ಪುಸ್ತಿಕೆ ತೆಗೆದು, ಆ ದಿನ ಸಾಹೇಬರು ಎಲ್ಲಿದ್ದರು ಎಂಬುದನ್ನು ಮರಾಠಿಯಲ್ಲೂ ಕನ್ನಡದಲ್ಲೂ ಓದಿ ಹೇಳಿದ. ಧ್ವನಿ ನಡುಗಲಿಲ್ಲ. ಜನ ಕೇಳಿಸಿಕೊಂಡರು. ಸಿಟ್ಟು ಬರುತ್ತದೆ ಎಂದು ನಾನು ಸೆರಗು ಬಿಗಿದು ನಿಂತಿದ್ದೆ. ಯಾರಿಗೂ ಸಿಟ್ಟು ಬರಲಿಲ್ಲ.

"ಕಾಗದ ಅಂದ ಮ್ಯಾಲೆ ತಪ್ಪು ಇರತಾವ ಬಿಡ್ರಿ" ಎಂದ ಅತ್ತಿದ್ದ ಮುದುಕ. "ಅಚ್ಚು ಹಾಕಾವ್ರು ಏನರ ಹಾಕತಾರ. ನಾವು ಕಣ್ಣಾರೆ ಕಂಡೇವಲ್ಲ."

ಕಲ್ಲು ನೆಟ್ಟರು.

ವಾಪಸು ಬರುವ ಬಸ್ಸಿನಲ್ಲಿ ಆತ ನನ್ನ ಪಕ್ಕದ ಸೀಟಿನಲ್ಲಿ ಕುಳಿತ. ಹೊಸ ಕಂಡಕ್ಟರ್ ಬಂದು ಟಿಕೀಟು ಕೇಳಿದಾಗ ಬೆಚ್ಚಿಬಿದ್ದ. ಹಾನಗಲ್ಲು ಹತ್ತಿರ ಬಂದಾಗ, "ನಮ್ಮಪ್ಪ ಕಳ್ಳ ಅಲ್ಲ ಯಕ್ಕಾ" ಎಂದ. "ಸಾಹೇಬ್ರೂ ಬಂದಿಲ್ಲ. ಹಂಗಾರ ಅಲ್ಲಿ ಕುಂತಾವ ಯಾರು?" ನಾನು ನನಗೇನು ಗೊತ್ತು ಎಂದೆ. ಕಿಟಕಿಯ ಕಡೆ ತಿರುಗಿ ಕುಳಿತ. ಮರುವರ್ಷ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡ. ನಾನೇ ಬಾಯಿಗೆ ನೀರು ಬಿಟ್ಟೆ. ಪೆಟ್ಟಿಗೆಗಳು ನನ್ನ ಮನೆಯಲ್ಲೇ ಇವೆ. ಅವುಗಳಿಂದ ಒಂದು ಚೀಲವನ್ನೂ ನಾನು ಅಂಟಿಸಿಲ್ಲ.

ಈ ವರ್ಷ ಜಯಂತಿಗೆ ಮುಂಚೆ ಗೌಡರ ಮೊಮ್ಮಗ ಮತ್ತೆ ಬಂದ. ಕಾಗದ ಕೇಳಲು ಬಂದಿರಬೇಕು ಎಂದುಕೊಂಡೆ. ಅಲ್ಲ, ನನ್ನನ್ನು ಕರೆಯಲು ಬಂದಿದ್ದ.

"ನೀವು ಬರಬೇಕು ಆಯೀ. ಮೈಕಿನ್ಯಾಗ ಎರಡು ಮಾತು ಹೇಳಬೇಕು. ಅಜ್ಜಿ ಹಾಸಿಗಿ ಹಿಡದಾಳ. ಸಾಹೇಬ್ರು ಬಂದಾಗ ಅಲ್ಲಿದ್ದವರೊಳಗ ಗಟ್ಟಿಮುಟ್ಟಾಗಿ ಉಳದಾಕಿ ನೀವೊಬ್ಬಾಕಿ."

"ನಾನು? ನಾ ಹುಟ್ಟಿದ್ದು ಸವಣೂರಾಗ. ಅಷ್ಟೊತ್ತಿಗೆ ನಾನೂ ತೊಟ್ಟಲಾಗಿನ ಕೂಸು. ನಿಮ್ಮೂರು ಯಾವ ದಿಕ್ಕಿಗೆ ಐತಿ ಅಂತ ನಮ್ಮ ಮಂದಿಗೆ ಗೊತ್ತಿರಲಿಲ್ಲ."

"ಅಜ್ಜಿ ನೋಡ್ಯಾಳ. ನಿಮ್ಮವ್ವನ ಬಗಲಾಗ ಇದ್ರಂತ."

ನನಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ಅಜ್ಜಿಗೂ ನಿನಗೂ ತಲಿ ಕೆಟ್ಟೈತಿ. ನಾ ಅಲ್ಲಿ ಇರಲಿಲ್ಲ. ಆ ಬೇವಿನ ಗಿಡಾ ನಾ ಕಂಡಿಲ್ಲ, ಅದರ ಕೆಳಗ ಕುಂತಾವನ್ನೂ ಕಂಡಿಲ್ಲ. ನಡಿ ಇಲ್ಲಿಂದ."

ಆತ ಹೊಸ್ತಿಲು ದಾಟಿದವನು ನಿಂತು ತಿರುಗಿದ. ಮುಖದ ಬಣ್ಣ ಇಳಿದಿತ್ತು.

"ಬೇವಿನ ಗಿಡಾ ಅಂತ ನಿಮಗ್ಯಾರು ಹೇಳಿದ್ರು ಆಯೀ? ನಾ ಹುಟ್ಟೂಕಿಂತ ಮೊದಲ ಅದನ್ನ ಕಡದಾರ. ಬೊಡ್ಡಿ ಸೈತ ಇಲ್ಲ. ನಿನ್ನಿ ಅಜ್ಜಿ ಹೇಳೂತನಾ ನನಗ ಗೊತ್ತಿರಲಿಲ್ಲ."

ಆತ ಹೊರಟುಹೋದ. ಬೆರಳಿನ ಮೇಲಿನ ಅಂಟು ಒಣಗುತ್ತಿತ್ತು. ಆ ಗಿಡ ಬಾವಿಯ ಯಾವ ಬದಿಗೆ ಇತ್ತು ಎಂದು ಆತ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.